ತುಮಕೂರು ಸುತ್ತಮುತ್ತ ಕುಡಿತ ಬಿಟ್ಟವರ ಸಭೆಗಳು: ನನಗೆ ಹೊಂದುವುದು ಯಾವುದೆಂದು ತಿಳಿಯುವುದು ಹೇಗೆ?

ಗುಬ್ಬಿ ದಾರಿ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರು, ವಯಸ್ಸು 44. ಕುಡಿಯಲು ಹಿಡಿದು 13 ವರ್ಷವಾಗಿತ್ತು. ಮೊದಮೊದಲು ವರ್ಷಕ್ಕೊಮ್ಮೆ ಅಯ್ಯಪ್ಪಸ್ವಾಮಿಯ ಮಾಲೆ ಹಾಕಿದಾಗ 48 ದಿನ ಒಂದು ಹನಿಯನ್ನೂ ಮುಟ್ಟದೆ ಇರುತ್ತಿದ್ದೆ. ಬೇಕೆಂದಾಗ ಬಿಡಬಲ್ಲೆ ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಮನೆಯವರ ಮುಂದೆ ಇಡುತ್ತಿದ್ದೆ. ಮಾಲೆ ತೆಗೆದ ಸಂಜೆ ನಾನು ಎಲ್ಲಿರುತ್ತಿದ್ದೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೊನೆಯ ಎರಡು ವರ್ಷಗಳಲ್ಲಂತೂ ಬೆಳಿಗ್ಗೆ ಒಂದು ತೊಂಬತ್ತು ಒಳಗೆ ಹೋಗದಿದ್ದರೆ ಕರಿಹಲಗೆಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆಯಲಾಗುತ್ತಿರಲಿಲ್ಲ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ 10 ದಿನ ಒಳರೋಗಿಯಾಗಿದ್ದು ಬಂದೆ. ಕುಡಿತ ಬಿಟ್ಟು ಇಂದಿಗೆ 31 ದಿನ. ಮನೆಗೆ ಕಳುಹಿಸುವಾಗ ವೈದ್ಯರು, ಮಾತ್ರೆ ಮೈಯನ್ನು ನೋಡಿಕೊಳ್ಳುತ್ತದೆ, ಸಂಜೆ ಆರೂವರೆಯನ್ನು ನೋಡಿಕೊಳ್ಳುವುದಿಲ್ಲ, ಅದಕ್ಕೆ ನಿಮ್ಮಂತೆಯೇ ಬಿಟ್ಟವರ ಜೊತೆ ಹೋಗಿ ಕುಳಿತುಕೊಳ್ಳಿ ಎಂದರು. ಅವರ ಮಾತಿನಂತೆ ಕಳೆದ ವಾರ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಯೊಂದಕ್ಕೆ ಹೋದೆ. ಅರ್ಧಕ್ಕೇ ಎದ್ದು ಬಂದೆ.

ಕಾರಣಗಳನ್ನು ಮುಚ್ಚಿಡದೆ ಹೇಳುತ್ತೇನೆ. ಸಭೆ ನಡೆದದ್ದು ಚರ್ಚಿನ ಹಿಂಭಾಗದ ಕೊಠಡಿಯಲ್ಲಿ. ಬಾಗಿಲಲ್ಲೇ ಕಾಲು ತಡೆದು ನಿಂತಿತು. ಒಳಗೆ ಹತ್ತು ಹನ್ನೆರಡು ಜನರಿದ್ದರು, ಹೆಚ್ಚಿನವರು ನನಗಿಂತ ಹಿರಿಯರು. ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಹೇಳಿದರು. ಇದೆಲ್ಲವನ್ನೂ ಸಹಿಸಿಕೊಂಡೇನು, ಆದರೆ ಎರಡನೆಯ ಸಾಲಿನಲ್ಲಿ ನನ್ನ ಹತ್ತನೇ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆ ಕುಳಿತಿದ್ದರು. ಅವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಚಹಾಕ್ಕೆಂದು ಎದ್ದವನು ಹಾಗೆಯೇ ಬಸ್ ನಿಲ್ದಾಣ ಸೇರಿದೆ.

ಬೇರೆ ಸಭೆಯನ್ನು ಹುಡುಕಿಕೊಂಡು ಹೋಗುವುದು ಸರಿಯೇ, ಅಥವಾ ಅದು ನೆಪವೇ? ಬೆಂಗಳೂರಿಗೇ ಹೋಗಿಬಿಡಲೇ? ಒಂದು ಸಭೆ ನಮಗೆ ಹೊಂದುತ್ತದೆಯೋ ಇಲ್ಲವೋ ಎಂಬುದನ್ನು ನೀವೆಲ್ಲ ಯಾವುದರಿಂದ ಅಳೆದಿರಿ?

ಹನ್ನೊಂದನೇ ವರ್ಷ (ತುಮಕೂರು)

ಮೇಷ್ಟ್ರೇ, 31 ದಿನಗಳಿಗೆ ಮೊದಲು ಕೈಮುಗಿಯುತ್ತೇನೆ. ನಾನು ಲಾರಿ ಓಡಿಸುತ್ತಿದ್ದವನು, ಓದು ಏಳನೇ ತರಗತಿ. ತಪ್ಪಿದ್ದರೆ ತಿದ್ದಿಕೊಂಡು ಓದಿ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ನನ್ನ ಹೆಂಡತಿ ದೇವರಿಗೆ ತೆಂಗಿನಕಾಯಿ ಒಡೆದಳು. ನಾನು ಪ್ಯಾಕೆಟ್ ಬಿಟ್ಟು ಕ್ವಾರ್ಟರ್ ಹಿಡಿದೆ, ಅಷ್ಟೇ ಆದದ್ದು.

ಮೊದಲು ಆ ವಿದ್ಯಾರ್ಥಿಯ ತಂದೆಯ ವಿಷಯ. ಅವರು ಆ ಕೊಠಡಿಗೆ ಪೋಷಕರ ಸಭೆಗೆಂದು ಬಂದಿರಲಿಲ್ಲ. ನೀವು ಅವರನ್ನು ಕಂಡು ಎಷ್ಟು ಬೆವರಿದಿರೋ ಮಗನ ಮೇಷ್ಟ್ರನ್ನು ಕಂಡು ಅವರೂ ಅಷ್ಟೇ ಬೆವರಿರುತ್ತಾರೆ. ಅಲ್ಲಿ ಕಂಡವರ ಹೆಸರನ್ನೂ ಕೇಳಿದ ಮಾತನ್ನೂ ಅಲ್ಲಿಯೇ ಬಿಟ್ಟು ಬರಬೇಕೆಂಬುದು ಆ ಕೂಟದ ಬುಡದ ಕಲ್ಲು. ಅನಾನಿಮಸ್ ಎಂಬ ಮಾತಿನ ಅರ್ಥವೇ ಹೆಸರು ಹೇಳದವರು ಎಂದು. ನನ್ನ ಗುಂಪಿನಲ್ಲಿ ಒಬ್ಬರು ಯಾವ ಇಲಾಖೆಯಲ್ಲಿದ್ದಾರೆಂಬುದು ನನಗೆ ತಿಳಿದದ್ದು ಐದು ವರ್ಷದ ಮೇಲೆ, ಅದೂ ಅವರ ಮಗಳ ಮದುವೆಯ ಕರೆಯೋಲೆಯಿಂದ.

ಇನ್ನು ಸಭೆಯ ಬಗೆಗಳು. ಓಪನ್ ಎನ್ನುವ ಸಭೆಗೆ ಮನೆಯವರು, ವೈದ್ಯರು, ಆಸಕ್ತರು ಯಾರು ಬೇಕಾದರೂ ಬಂದು ಕುಳಿತು ಕೇಳಬಹುದು. ಕ್ಲೋಸ್ಡ್ ಎನ್ನುವುದು ಕುಡಿತ ಬಿಡಬೇಕೆಂಬ ಇಚ್ಛೆಯುಳ್ಳವರಿಗೆ ಮಾತ್ರ. ಆ ಇಚ್ಛೆಯೊಂದನ್ನು ಬಿಟ್ಟರೆ ಸೇರಲು ಬೇರೆ ಅರ್ಹತೆ ಇಲ್ಲ, ಶುಲ್ಕವಿಲ್ಲ, ಸಹಿಯಿಲ್ಲ. ಕೊನೆಯಲ್ಲಿ ಒಂದು ಚೀಲ ಬರುತ್ತದೆ. ಚಹಾಕ್ಕೆ, ಕೊಠಡಿಯ ಬಾಡಿಗೆಗೆ ಹಾಕುವವರು ಹಾಕುತ್ತಾರೆ, ಹಾಕದವರನ್ನು ಯಾರೂ ನೋಡುವುದಿಲ್ಲ. ಹೊರಗಿನವರಿಂದ ಈ ಕೂಟ ಹಣ ಪಡೆಯುವುದಿಲ್ಲ. ಚರ್ಚಿನ ಕೊಠಡಿಯ ಗುಟ್ಟು ಇಷ್ಟೇ: ಕಡಿಮೆ ಬಾಡಿಗೆಗೆ ಕೊಟ್ಟರು, ನಾವು ಕುಳಿತೆವು. ನಾನು ಶಾಲೆಯ ಬೆಂಚಿನ ಮೇಲೆ ಕುಳಿತಿದ್ದೇನೆ, ಆಸ್ಪತ್ರೆಯ ವರಾಂಡದಲ್ಲಿ ಕುಳಿತಿದ್ದೇನೆ, ಕಲ್ಯಾಣಮಂಟಪದ ಊಟದ ಹಾಲ್‌ನಲ್ಲಿಯೂ ಕುಳಿತಿದ್ದೇನೆ.

ಒಂದು ಸಭೆಯನ್ನು ಒಂದೇ ದಿನದಲ್ಲಿ ಅಳೆಯಬೇಡಿ. ಒಂದು ವಾರ ಯಾರೋ ಒಬ್ಬರು ಮುಕ್ಕಾಲು ಗಂಟೆ ತಮ್ಮ ಜಮೀನಿನ ವ್ಯಾಜ್ಯ ಹೇಳಿಕೊಂಡಿರುತ್ತಾರೆ, ಮರುವಾರ ಅದೇ ಕುರ್ಚಿಯಿಂದ ನಿಮ್ಮ ಹೊಟ್ಟೆಯೊಳಗಿನ ಮಾತೇ ಹೊರಬರುತ್ತದೆ. ಒಂದೇ ಸಭೆಗೆ ಆರು ಸಲ ಹೋಗಿ, ಆಮೇಲೆ ಬೇಕಿದ್ದರೆ ಬಿಡಿ. ಬೇರೆ ಸಭೆ ನೋಡುವುದು ತಪ್ಪಲ್ಲ. ಬೇರೆ ಸಭೆ ಸಿಗುವವರೆಗೂ ಯಾವುದಕ್ಕೂ ಹೋಗದಿರುವುದು ನೆಪ.

ನನ್ನ ಅಳತೆಗೋಲು ಒಂದೇ. ನೀವು ಯಾವ ಹೊತ್ತಿಗೆ ಕುಡಿಯುತ್ತಿದ್ದಿರೋ ಆ ಹೊತ್ತಿಗೆ ಆ ಬಾಗಿಲು ತೆರೆದಿರಬೇಕು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಯಾವತ್ತೂ ಕುಡಿದವನಲ್ಲ, ಆ ಹೊತ್ತಿನ ಸಭೆ ಎಷ್ಟೇ ಚೆನ್ನಾಗಿದ್ದರೂ ನನಗೆ ಅದು ಭಜನೆಯಷ್ಟೇ. ನನ್ನನ್ನು ಉಳಿಸಿದ್ದು ವಾರದ ಮಧ್ಯದ ಸಂಜೆ ಏಳರ ಸಭೆ. ಅಲ್ಲಿ ಚಹಾ ಚೆನ್ನಾಗಿರಲಿಲ್ಲ.

ಆಪ್ತಸಮಾಲೋಚಕಿ, ಕೋಲಾರ

ಮೇಲಿನ ಹಿರಿಯರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಇದನ್ನು ಓದುತ್ತಿರುವವರಲ್ಲಿ ಇನ್ನೂ ಕುಡಿಯುತ್ತಿರುವವರೂ ಇರಬಹುದು. ನಾಳೆಯಿಂದಲೇ ಬಿಟ್ಟು ನೇರವಾಗಿ ಸಭೆಗೆ ಹೋಗುತ್ತೇನೆಂದು ಅವರು ತೀರ್ಮಾನಿಸಿಬಿಟ್ಟರೆ ಎಂಬ ಭಯದಿಂದ ಬರೆಯುತ್ತಿದ್ದೇನೆ.

ಪ್ರತಿದಿನ ಹೆಚ್ಚು ಕುಡಿಯುವವರು, ಅದರಲ್ಲಿಯೂ ಬೆಳಿಗ್ಗೆ ಕೈನಡುಕ ನಿಲ್ಲಿಸಲು ಕುಡಿಯುವವರು, ವೈದ್ಯರ ನೆರವಿಲ್ಲದೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ತೊಡಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದಂತಾಗಿ, ಗೋಡೆಯ ಮೇಲೆ ಹುಳು ಹರಿದಂತೆ, ಯಾರೋ ಕರೆದಂತೆ ಆಗುತ್ತದೆ. ಹಳ್ಳಿಗಳಲ್ಲಿ ಇದನ್ನು ಗಾಳಿ ಸೋಕಿತೆಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಪ್ರಾಣಾಪಾಯದ ಸ್ಥಿತಿ. ಆಸ್ಪತ್ರೆಯಲ್ಲಿ ಕೆಲವು ದಿನಗಳ ಮಾತ್ರೆ ಮತ್ತು ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದಿನಿಂದ ಅದನ್ನು ತಪ್ಪಿಸಬಹುದು. ಮೇಷ್ಟ್ರು ಸರಿಯಾದ ದಾರಿಯಲ್ಲಿಯೇ ಬಂದಿದ್ದಾರೆ: ಮೊದಲು ಆಸ್ಪತ್ರೆ, ಆಮೇಲೆ ಸಭೆ.

ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14416ಕ್ಕೆ ಕರೆ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕೆಂದು ಇರುವ ಟೆಲಿ ಮಾನಸ್ ಸಹಾಯವಾಣಿ. ಕನ್ನಡದಲ್ಲಿಯೇ ಮಾತನಾಡುತ್ತಾರೆ, ಹಣ ಬೇಕಿಲ್ಲ. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿದರೆ ಸಮೀಪದ ಸಭೆಗಳ ವಿವರವನ್ನೂ ಕೇಳಿ ಪಡೆಯಬಹುದು. ತೊಡಕು ಹೆಚ್ಚಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಹೊಂದುವ ಸಭೆ ಯಾವುದೆಂದು ಕೇಳಿದಿರಿ. ಹೊಂದದ ಸಭೆ ಯಾವುದೆಂದು ನಾನು ಹೇಳಬಲ್ಲೆ. ಮಾತ್ರೆ ನುಂಗುವವನು ನಿಜವಾಗಿ ಬಿಟ್ಟವನಲ್ಲ, ಎಲ್ಲ ಔಷಧಿಯನ್ನೂ ಎಸೆದು ಬಾ ಎಂದು ಯಾವನಾದರೂ ಹಿರಿಯ ಸದಸ್ಯ ಹೇಳಿದರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದು ಆ ವ್ಯಕ್ತಿಯ ಅಭಿಪ್ರಾಯ, ಎ.ಎ.ಯ ನಿಲುವಲ್ಲ. ಖಿನ್ನತೆಯ ಮಾತ್ರೆಯನ್ನು ಹೀಗೆ ನಿಲ್ಲಿಸಿ ಮತ್ತೆ ಕುಡಿತಕ್ಕೆ ಬಿದ್ದವರು ನನ್ನ ಮುಂದೆ ಕುಳಿತು ಅತ್ತಿದ್ದಾರೆ.

ಸಭೆಗಳಿಂದ ನಿಜವಾಗಿ ಉಪಯೋಗವಿದೆಯೇ ಎಂದು ಕೇಳುವವರಿಗೆ ಒಂದು ಮಾತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ 27 ಅಧ್ಯಯನಗಳನ್ನು, ಒಟ್ಟು 10,565 ಜನರನ್ನು ಒಟ್ಟುಗೂಡಿಸಿ ನೋಡಿದ್ದರು. ಜನರನ್ನು ಎ.ಎ.ಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ, ಬೇರೆ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನವರು ಪೂರ್ತಿಯಾಗಿ ಕುಡಿತ ಬಿಟ್ಟು ಉಳಿದಿದ್ದರು. ಉಳಿದ ಅಳತೆಗಳಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದವು. ಬೆಳ್ಳಗಿರುವುದೆಲ್ಲ ಹಾಲೆಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕುವುದೂ ಸರಿಯಲ್ಲ.

ರಾಬರ್ಟ್‌ಸನ್‌ಪೇಟೆ

ಭಾಷೆಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಕೆ.ಜಿ.ಎಫ್. ನಮ್ಮ ತಂದೆ ಗಣಿಯಲ್ಲಿ ಕೆಲಸಕ್ಕಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಾಳಿಗೆ ಹೋಗಿ ಬರುತ್ತಿದ್ದ ಮನುಷ್ಯನಿಗೆ ಬೆಳಗಾದರೆ ಎಲ್ಲಿಗೂ ಹೋಗುವುದು ಬೇಡವಾಯಿತು. ಅವರ ಕುಡಿತ ಹೆಚ್ಚಿದ್ದು ಆಮೇಲೆ; ಅವರನ್ನು ನೋಡಿ ನನ್ನದು ಶುರುವಾದದ್ದು ಎನ್ನುವಂತಿಲ್ಲ, ನಾನು ಅದಕ್ಕೆ ಮೊದಲೇ ಶುರು ಮಾಡಿದ್ದೆ.

ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡಿ ಬೆಳೆದವನು ನಾನು. ಹೋದ ಮೊದಲ ಸಭೆ ಬೆಂಗಳೂರಿನಲ್ಲಿತ್ತು, ಇಂಗ್ಲಿಷಿನಲ್ಲಿತ್ತು. ನಾನೂ ಇಂಗ್ಲಿಷಿನಲ್ಲಿಯೇ ನನ್ನ ಕಥೆ ಹೇಳಿದೆ. ಚಪ್ಪಾಳೆ ತಟ್ಟಿದರು. ಅಲ್ಲಿ ಹೇಳಿದ್ದೆಲ್ಲವೂ ನಿಜ, ಆದರೆ ಯಾವುದೂ ನನ್ನ ಗಂಟಲು ಕಟ್ಟಿಸಲಿಲ್ಲ. ಎಂಟು ತಿಂಗಳ ನಂತರ ಊರಿನಲ್ಲೇ, ಅಮ್ಮ ಬೈಯುತ್ತಿದ್ದ ಭಾಷೆಯಲ್ಲಿ ಮಾತನಾಡಿದಾಗ, ತಂಗಿಯ ಮದುವೆಗೆ ಕೂಡಿಟ್ಟ ಹಣದ ವಿಷಯ ತಾನಾಗಿ ಬಾಯಿಗೆ ಬಂತು. ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ನನ್ನ ಅಳತೆಗೋಲು ಬೇರೆ: ನಿಮಗೆ ಯಾವ ಭಾಷೆಯಲ್ಲಿ ಸುಳ್ಳು ಹೇಳಲು ಕಷ್ಟವೋ ಆ ಭಾಷೆಯ ಸಭೆಗೆ ಹೋಗಿ.

ಬೆಂಗಳೂರಿಗೆ ಹೋಗಲೇ ಎಂದು ಕೇಳಿದ್ದೀರಿ. ನಾನು ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಗುರುತಿನವರು ಯಾರೂ ಇರುವುದಿಲ್ಲ, ನಿಜ. ಆದರೆ ಸಭೆ ಮುಗಿದು ರಾತ್ರಿ ಬಂಗಾರಪೇಟೆಯಲ್ಲಿ ಇಳಿದು ಮುಂದಿನ ಗಾಡಿಗೆ ಕಾಯುವಾಗ ನಾನೊಬ್ಬನೇ ಇರುತ್ತಿದ್ದೆ, ನಿಲ್ದಾಣದ ಹೊರಗೆ ಮೂರು ಬಾರ್‌ಗಳ ದೀಪ ಉರಿಯುತ್ತಿತ್ತು. ದೂರದ ಸಭೆಯಲ್ಲಿ ನಿಮ್ಮ ಗುಟ್ಟು ಉಳಿಯುತ್ತದೆ. ರಾತ್ರಿ ಹತ್ತಕ್ಕೆ ಕರೆದರೆ ಸ್ಕೂಟರ್ ಹತ್ತಿ ಬರುವವನು ಮಾತ್ರ ಸಿಗುವುದಿಲ್ಲ.

ಒಬ್ಬನ ಹೆಂಡತಿ (ಚಿಕ್ಕಬಳ್ಳಾಪುರ ಜಿಲ್ಲೆ)

ಇಲ್ಲಿ ಬರೆಯುತ್ತಿರುವವರೆಲ್ಲ ಕುಡಿದವರು. ನಾನು ಕುಡಿದವಳಲ್ಲ, ಕುಡಿತದ ಜೊತೆ 16 ವರ್ಷ ಸಂಸಾರ ಮಾಡಿದವಳು. ನನ್ನ ಮಾತು ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹಣ ಕೈಗೆ ಬಂದ ದಿನ ನಮ್ಮ ಮನೆಯವರು ಮನೆಗೆ ಬರುತ್ತಿರಲಿಲ್ಲ. ದೇವಸ್ಥಾನದಲ್ಲಿ ದಾರ ಕಟ್ಟಿಸಿದೆವು; ದಾರ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಕುಡಿದು, ಬಾಗಿಲಲ್ಲಿ ಮತ್ತೆ ಕಟ್ಟಿಕೊಂಡು ಒಳಗೆ ಬಂದರು. ಯಾರೋ ಹೇಳಿದರೆಂದು ಅಂಗಡಿಯಿಂದ ಮಾತ್ರೆ ತಂದು, ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿದೆ. ಆ ರಾತ್ರಿ ಕುಡಿದು ಬಂದು ಉಂಡವರಿಗೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಪ್ರಜ್ಞೆ ತಪ್ಪಿತು. ಅದು ಡೈಸಲ್ಫಿರಾಮ್ ಎಂಬ ಮಾತ್ರೆಯಂತೆ; ರೋಗಿಗೆ ತಿಳಿಸಿ, ಅವರ ಒಪ್ಪಿಗೆಯಿಂದ, ವೈದ್ಯರ ನಿಗಾದಲ್ಲಿ ಮಾತ್ರ ಕೊಡಬೇಕಾದ ಔಷಧಿಯಂತೆ. ಅವರನ್ನು ಉಳಿಸಿಕೊಳ್ಳಲು ಹೋಗಿ ಕಳೆದುಕೊಳ್ಳುವುದರಲ್ಲಿದ್ದೆ. ಅಕ್ಕತಂಗಿಯರೇ, ದಯವಿಟ್ಟು ಆ ಕೆಲಸವನ್ನು ಯಾರೂ ಮಾಡಬೇಡಿ.

ಆಮೇಲೆ ಒಂದು ಖಾಸಗಿ ಕುಡಿತ ಬಿಡಿಸುವ ಕೇಂದ್ರದವರು ರಾತ್ರಿ ಗಾಡಿ ತಂದು, ನಾಲ್ವರು ಹಿಡಿದು, ಕೈಕಟ್ಟಿ ಕರೆದೊಯ್ದರು. ಮೂರು ತಿಂಗಳಿಗೆ ಮುಂಗಡ ಹಣ ಪಡೆದರು. ಒಂದೂವರೆ ತಿಂಗಳವರೆಗೆ ಫೋನಿನಲ್ಲಿಯೂ ಮಾತನಾಡಲು ಬಿಡಲಿಲ್ಲ. ಹೊರಗೆ ಬಂದ ದಿನ ಅವರು ಕುಡಿದದ್ದು ಕುಡಿತದ ಆಸೆಗಲ್ಲ, ನನ್ನ ಮೇಲಿನ ಹಗೆಗೆ. ಇಂಥ ಕೇಂದ್ರಗಳು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯಾಗಿರಬೇಕು, ತನ್ನ ಚಿಕಿತ್ಸೆಯ ಬಗ್ಗೆ ತೀರ್ಮಾನಿಸಬಲ್ಲವನನ್ನು ಅವನ ಒಪ್ಪಿಗೆಯಿಲ್ಲದೆ ಸೇರಿಸಿಕೊಳ್ಳಬಾರದು, ಯಾರನ್ನೂ ಸರಪಳಿಯಿಂದ ಕಟ್ಟಬಾರದು ಎಂಬುದೆಲ್ಲ ನನಗೆ ತಿಳಿದದ್ದು ಆಮೇಲೆ. ಹಣ ಕಟ್ಟುವ ಮೊದಲು ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ನಮ್ಮ ಮನೆಯಲ್ಲಿ ಮೊದಲು ಸಭೆಗೆ ಹೋದವಳು ನಾನು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟವಿದೆ, 1951ರಲ್ಲಿ ಹೀಗೆಯೇ ನೊಂದ ಹೆಂಡತಿಯರು ಕಟ್ಟಿದ್ದು. ನಾನು ಸೇರಿದ್ದು ಫೋನಿನಲ್ಲಿ, ರಾತ್ರಿ ಮಕ್ಕಳು ಮಲಗಿದ ಮೇಲೆ. ಅವರು ಕುಡಿಯುವುದಕ್ಕೆ ನಾನು ಕಾರಣಳಲ್ಲ, ಅದನ್ನು ಹಿಡಿದು ನಿಲ್ಲಿಸುವುದೂ ನನ್ನ ಕೈಯಲ್ಲಿಲ್ಲ ಎಂದು ಅಲ್ಲಿ ಕೇಳಿದ ದಿನ, ಎಷ್ಟೋ ವರ್ಷಗಳ ಮೇಲೆ ನಿದ್ದೆ ಮಾಡಿದೆ. ಬಾರ್‌ನಿಂದ ಕರೆತರುವುದನ್ನು ನಿಲ್ಲಿಸಿದೆ, ಸಾಲ ತೀರಿಸುವುದನ್ನು ನಿಲ್ಲಿಸಿದೆ, ಮಾಲೀಕರಿಗೆ ಜ್ವರವೆಂದು ಸುಳ್ಳು ಹೇಳುವುದನ್ನೂ ನಿಲ್ಲಿಸಿದೆ. ಅವರು ತಾವಾಗಿ ಸಭೆಯ ವಿಳಾಸ ಕೇಳಿದ್ದು ಅದಾದ ಏಳು ತಿಂಗಳಿಗೆ.

ಮೇಷ್ಟ್ರೇ, ನಿಮ್ಮ ಮನೆಯವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ.

ಚಾರ್ವಾಕ, ತುಮಕೂರು

ನಾನು ದೇವರನ್ನು ನಂಬುವವನಲ್ಲ. ಆದ್ದರಿಂದ ಪ್ರಾರ್ಥನೆಯ ಬಗ್ಗೆ ಯಾರೂ ಉತ್ತರಿಸದೆ ದಾಟಿ ಹೋದದ್ದು ನನ್ನ ಕಣ್ಣಿಗೆ ಬಿತ್ತು. ಕುಡಿತದಿಂದ ಹೊರಬರಲು ಎ.ಎ. ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಮತ್ತೆ ಮತ್ತೆ ಬರುತ್ತದೆ. ನಾವು ಅರಿತಂತೆ ದೇವರು, ನಮಗಿಂತ ಮಿಗಿಲಾದ ಶಕ್ತಿ ಎಂದು ಎಷ್ಟೇ ಸಡಿಲಿಸಿ ಹೇಳಿದರೂ, ನಾಲ್ಕು ಜನ ಕೈ ಹಿಡಿದು ಪ್ರಾರ್ಥಿಸುವಾಗ ಬಾಯಿ ಮುಚ್ಚಿ ನಿಲ್ಲುವವನ ಮುಜುಗರ ಮುಜುಗರವೇ. ನನ್ನಂಥವರಿಗೆ ಸ್ಮಾರ್ಟ್ ರಿಕವರಿ ಎಂಬ ಬೇರೊಂದು ಕೂಟವಿದೆ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದದ್ದು. ಅಲ್ಲಿ ದೇವರ ಪ್ರಸ್ತಾಪವಿಲ್ಲ. ಕುಡಿಯಬೇಕೆಂಬ ಆಸೆ ಎದ್ದಾಗ ಅದನ್ನು ಹೇಗೆ ಗುರುತಿಸಬೇಕು, ಕುಡಿದರೆ ಬರುವ ಲಾಭನಷ್ಟವನ್ನು ಹೇಗೆ ಬರೆದು ನೋಡಬೇಕು ಎಂಬ ಅಭ್ಯಾಸಗಳಿವೆ. ಗಣಿತದ ಮೇಷ್ಟ್ರಿಗೆ ಹಿಡಿಸಬಹುದು. ಆದರೆ ನಾನು ಸೇರಿದ ಆನ್‌ಲೈನ್ ಸಭೆಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಕನ್ನಡದಲ್ಲಿ ನನಗೆ ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಲೇಬೇಕು. ಈಗ ನಾನು ಹೋಗುತ್ತಿರುವುದು ಎ.ಎ. ಸಭೆಗೇ. ಪ್ರಾರ್ಥನೆಯ ಹೊತ್ತಿನಲ್ಲಿ ಕುರ್ಚಿಗಳನ್ನು ಜೋಡಿಸುತ್ತೇನೆ.

ಹನ್ನೊಂದನೇ ವರ್ಷ (ತುಮಕೂರು)

ನಾವು ಅವರನ್ನು ಕುರ್ಚಿ ಸ್ವಾಮಿ ಎಂದೇ ಕರೆಯುವುದು.

ಚಿಂತಾಮಣಿಯ ಅಕ್ಕ

ಇಷ್ಟು ಹೊತ್ತು ಹೆಂಗಸರೆಂದರೆ ಹೆಂಡತಿಯರು ಎಂಬಂತೆಯೇ ಮಾತು ನಡೆಯಿತು. ನಾನು ಕುಡಿಯುತ್ತಿದ್ದವಳು. ಬ್ಯಾಂಕಿನಲ್ಲಿ ಕೆಲಸ, ಒಬ್ಬಳೇ ಇದ್ದೆ, ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದೆ. ಗಂಡಸು ಕುಡಿದರೆ ಚಟ ಎನ್ನುತ್ತಾರೆ, ಹೆಂಗಸು ಕುಡಿದರೆ ಅದಕ್ಕೆ ಇಡುವ ಹೆಸರೇ ಬೇರೆ.

ಇಪ್ಪತ್ತು ಗಂಡಸರಿರುವ ಕೊಠಡಿಗೆ ಸಂಜೆ ಏಳಕ್ಕೆ ಒಬ್ಬಳೇ ಹೋಗಿ ಕುಳಿತುಕೊಳ್ಳುವುದು ಸುಲಭವಲ್ಲ. ಹೋದೆ. ಹೆಚ್ಚಿನವರು ಗೌರವದಿಂದಲೇ ನಡೆದುಕೊಂಡರು. ಒಬ್ಬರು ಮಾತ್ರ ಸ್ಪಾನ್ಸರ್, ಅಂದರೆ ಹೊಸಬರಿಗೆ ಜೊತೆಯಾಗಿ ದಾರಿ ತೋರಿಸುವ ಹಳೆಯ ಸದಸ್ಯ, ಆಗುತ್ತೇನೆಂದು ದಿನವೂ ರಾತ್ರಿ ಕರೆ ಮಾಡತೊಡಗಿದರು. ಹೆಂಗಸಿಗೆ ಹೆಂಗಸೇ ಸ್ಪಾನ್ಸರ್ ಆಗುವುದು ಎಲ್ಲ ಕಡೆ ನಡೆದುಕೊಂಡು ಬಂದ ರೂಢಿ ಎಂಬುದು ಆಗ ನನಗೆ ತಿಳಿದಿರಲಿಲ್ಲ. ಗುಂಪಿನ ಕಾರ್ಯದರ್ಶಿಗೆ ಹೇಳಿದೆ, ಅವರು ಆತನನ್ನು ಕರೆದು ಖಡಾಖಂಡಿತವಾಗಿ ಮಾತನಾಡಿದರು. ಇದು ಕೂಡ ಸಭೆಯನ್ನು ಅಳೆಯುವ ಒಂದು ಕೋಲು: ದೂರು ಹೇಳಿದಾಗ ಆ ಗುಂಪು ಏನು ಮಾಡುತ್ತದೆ?

ಈಗ ವಾರಕ್ಕೆ ಮೂರು ದಿನ ಹೆಂಗಸರದೇ ಆನ್‌ಲೈನ್ ಸಭೆಯಲ್ಲಿರುತ್ತೇನೆ. ಮೊದಲ ಎರಡು ತಿಂಗಳು ಕ್ಯಾಮೆರಾ ಮುಚ್ಚಿಕೊಂಡೇ ಕೇಳಿದೆ, ಯಾರೂ ತೆರೆಯೆನ್ನಲಿಲ್ಲ. ಆದರೆ ಕ್ಯಾಮೆರಾ ಮುಚ್ಚಿಕೊಂಡು ಕುಡಿಯುತ್ತಲೂ ಸಭೆ ಕೇಳಬಹುದು. ಎರಡು ಸಲ ನಾನು ಹಾಗೆಯೇ ಕೇಳಿದ್ದೇನೆ. ಎದುರು ಕುಳಿತಿದ್ದರೆ ಅದು ಆಗುತ್ತಿರಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಬಸ್ಸು ಹತ್ತಿ ಒಂದು ಸಭೆಗೆ ಮುಖ ತೋರಿಸಿ ಬರುತ್ತೇನೆ.

ಶಿರಾ ರಸ್ತೆ

ನಾನು ಕುಡಿತ ಬಿಟ್ಟದ್ದು ಎ.ಎ.ಯಿಂದಲ್ಲ. ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟೆ. ಶಿಬಿರ ಮುಗಿದವರಿಗೆ ನವಜೀವನ ಸಮಿತಿ ಎಂದಿದೆ. ಶಿಬಿರದ ಸಂಗಡಿಗರೇ ಸೇರಿ ಕುಳಿತುಕೊಳ್ಳುತ್ತೇವೆ. ಇಲ್ಲಿ ಗುಟ್ಟೆಂಬುದು ಇಲ್ಲವೇ ಇಲ್ಲ. ಇಡೀ ಊರಿನ ಮುಂದೆ ಬಿಟ್ಟೆನೆಂದು ಹೇಳಿದ್ದೇನೆ, ಈಗ ನಾನು ಬಾರ್ ಮುಂದೆ ಸೈಕಲ್ ನಿಲ್ಲಿಸಿದರೂ ಚಿಲ್ಲರೆ ಅಂಗಡಿಯ ಅಜ್ಜಿ ಕೂಗಿ ಕೇಳುತ್ತಾಳೆ. ಮುಚ್ಚಿಡುವುದರಿಂದಲೇ ನನ್ನ ಕುಡಿತ ಬೆಳೆದದ್ದು, ಆದ್ದರಿಂದ ಬಿಚ್ಚಿಡುವುದೇ ನನಗೆ ಮದ್ದಾಯಿತು. ಮೇಷ್ಟ್ರ ಕೆಲಸಕ್ಕೆ ಅದು ಹೊಂದುವುದೋ ಇಲ್ಲವೋ ಅವರೇ ಯೋಚಿಸಲಿ. ನಮ್ಮ ಸಭೆಗಳ ನಡುವೆ ಬಿಡುವು ಹೆಚ್ಚು, ಅದೊಂದು ಕೊರತೆ. ನಮ್ಮ ಶಿಬಿರದಲ್ಲಿ ಜೊತೆಗಿದ್ದವರಲ್ಲಿ ಮತ್ತೆ ಕುಡಿದವರು ಹೆಚ್ಚಾಗಿ ಆ ಬಿಡುವಿನಲ್ಲಿಯೇ ಕುಡಿದರು.

ಆಪ್ತಸಮಾಲೋಚಕಿ, ಕೋಲಾರ

ಈ ಮಾತು ಬಹಳ ಮುಖ್ಯ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ದೊರೆತಿದೆ. ಶಿಬಿರವೋ, ಎ.ಎ.ಯೋ, ಆಸ್ಪತ್ರೆಯೋ ಎಂದು ನಾವು ಜಗಳವಾಡುವ ಹೊತ್ತಿಗೆ ಉಳಿದ 37 ಜನ ಬಾಗಿಲಿನವರೆಗೂ ಬಂದಿರುವುದಿಲ್ಲ. ನವಜೀವನ ಸಮಿತಿ, ಎ.ಎ. ಎರಡಕ್ಕೂ ಹೋಗುವವರು ನನ್ನ ಬಳಿ ಬರುತ್ತಾರೆ, ಯಾರೂ ತಡೆಯುವುದಿಲ್ಲ.

ಗುಬ್ಬಿ ದಾರಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ತಡವಾದದ್ದಕ್ಕೆ ಕ್ಷಮೆಯಿರಲಿ.

31 ಎಂದು ಬರೆದಿದ್ದೆ. ಅದು 38ಕ್ಕೆ ನಿಂತಿತು. ಮೌಲ್ಯಮಾಪನದ ಕೆಲಸದಿಂದ ಮರಳುವಾಗ ಸಹೋದ್ಯೋಗಿಗಳ ಜೊತೆ ಒಂದು ಬಿಯರ್‌ನಿಂದ ಶುರುವಾಗಿ ಮೂರು ದಿನ ನಡೆಯಿತು. ನಾಲ್ಕನೆಯ ದಿನ ಆಸ್ಪತ್ರೆಗೆ ಹೋಗಿ ಮಾತ್ರೆ ಬರೆಸಿಕೊಂಡು ಬಂದೆ. ಇಂದಿಗೆ 24 ದಿನ. ಇದನ್ನು ಇಲ್ಲಿ ಬರೆಯುವುದಕ್ಕಿಂತ ಮೊದಲು ಒಂದು ಸಭೆಯಲ್ಲಿ ಎದ್ದು ಹೇಳಿದೆ. ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಬುದ್ಧಿ ಹೇಳಲಿಲ್ಲ. ಒಬ್ಬರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು.

ನಾಲ್ಕು ಸಭೆಗಳನ್ನು ನೋಡಿದೆ. ಬೆಂಗಳೂರಿನ ಸಭೆ ಅಚ್ಚುಕಟ್ಟಾಗಿತ್ತು, ಯಾರೂ ನನ್ನನ್ನು ಗುರುತಿಸಲಿಲ್ಲ. ನಾನು ಅಲ್ಲಿ ಪಾಠ ಮಾಡುವವನಂತೆ ಮಾತನಾಡಿ ಬಂದೆ, ರಾಬರ್ಟ್‌ಸನ್‌ಪೇಟೆಯವರ ಮಾತು ನೆನಪಾಯಿತು. ಆನ್‌ಲೈನ್ ಸಭೆಯನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡಿದ್ದೇನೆ. ಇನ್ನೊಂದು ಕಡೆ ಒಬ್ಬರೇ ಒಂದು ಗಂಟೆ ಮಾತನಾಡಿದರು, ಅಲ್ಲಿಗೆ ಮತ್ತೆ ಹೋಗುವುದಿಲ್ಲ. ಆರು ಸಲದ ನಿಯಮವನ್ನು ಮುರಿದದ್ದಕ್ಕೆ ಹಿರಿಯರು ಬೈದರೂ ಚಿಂತೆಯಿಲ್ಲ. ಕೊನೆಗೆ ಉಳಿದದ್ದು ಎದ್ದು ಬಂದಿದ್ದ ಆ ಮೊದಲ ಸಭೆಯೇ. ಶಾಲೆ ಬಿಟ್ಟು ತುಮಕೂರು ತಲುಪುವ ಹೊತ್ತಿಗೆ ಸರಿಯಾಗಿ ಅದು ಆರಂಭವಾಗುತ್ತದೆ, ಅದೇ ಹೊತ್ತಿಗೆ ನಾನು ಬಾರ್‌ನ ಮೂಲೆಯ ಮೇಜಿಗೆ ಹೋಗುತ್ತಿದ್ದೆ.

ಕಳೆದ ವಾರ ಹೋದಾಗ ಕೊಠಡಿಗೆ ಬೀಗವಿತ್ತು, ಕೀಲಿ ಇಟ್ಟುಕೊಂಡವರು ಊರಲ್ಲಿರಲಿಲ್ಲ. ಬಂದ ನಾಲ್ಕೈದು ಜನ ಹಿಂತಿರುಗಿದರು. ಆ ವಿದ್ಯಾರ್ಥಿಯ ತಂದೆಯೂ ನಾನೂ ಒಂದೇ ದಿಕ್ಕಿಗೆ ಹೋಗಬೇಕಾದವರು. ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆವು. ಬಹಳ ಹೊತ್ತು ತೆಂಗಿನ ಬೆಲೆಯ ಬಗ್ಗೆ ಮಾತನಾಡಿದೆವು. ಆಮೇಲೆ ಅವರು, ಎ.ಎ. ಶುರುವಾದದ್ದೇ 1935ರಲ್ಲಿ ಇಬ್ಬರು ಕುಡುಕರು ಎದುರುಬದುರು ಕುಳಿತು ಮಾತನಾಡಿದ್ದರಿಂದಂತೆ ಸಾರ್, ಇಬ್ಬರಿದ್ದರೆ ಸಭೆಯೇ ಅಂತೆ ಎಂದು ಹೇಳಿ, ತಮ್ಮ ಹೆಸರು ಹೇಳಿಕೊಂಡು ಕ್ರಮಬದ್ಧವಾಗಿ ಶೇರಿಂಗ್, ಅಂದರೆ ಸಭೆಯಲ್ಲಿ ತಮ್ಮ ಕಥೆ ಹೇಳಿಕೊಳ್ಳುವುದನ್ನು, ಶುರು ಮಾಡಿದರು. ಗಾಡಿ ಮುಕ್ಕಾಲು ಗಂಟೆ ತಡವಾಗಿ ಬಂತು. ಮಗನ ಅಂಕಗಳ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿಕ್ಕಬಳ್ಳಾಪುರದ ತಾಯಿ ಕೇಳಿದ ಮಾತು. ನನ್ನ ಹೆಂಡತಿಗೆ ನಿಮ್ಮ ಬರಹವನ್ನು ಓದಲು ಕೊಟ್ಟೆ. ಓದಿ ಏನನ್ನೂ ಹೇಳಲಿಲ್ಲ. ಎರಡು ದಿನದ ಮೇಲೆ ಆ ಫೋನ್ ಸಭೆ ಎಷ್ಟು ಗಂಟೆಗೆ ಎಂದು ಕೇಳಿದಳು. ವಿವರವನ್ನು ದಯವಿಟ್ಟು ತಿಳಿಸಬೇಕು.

ಇನ್ನೊಂದು ಪ್ರಶ್ನೆ. ಯುಗಾದಿ ಬರುತ್ತಿದೆ. ಹಬ್ಬದ ದಿನ ಹೇಗೋ ಕಳೆಯುತ್ತದೆ, ಮರುದಿನ ಹೊಸತೊಡಕು. ನಮ್ಮ ಊರಿನಲ್ಲಿ ಅಂದು ಬಾಡೂಟಕ್ಕೆ ಕುಳಿತ ಗಂಡಸರ ಮುಂದೆ ಲೋಟವಿಲ್ಲದೆ ಎಲೆ ಹಾಕುವುದಿಲ್ಲ. ಆ ಸಂಜೆ ತುಮಕೂರಿನಲ್ಲಿ ಎಲ್ಲಿಯಾದರೂ ಸಭೆಯಿದೆಯೇ?

ಹನ್ನೊಂದನೇ ವರ್ಷ (ತುಮಕೂರು)

ಇದೆ. ಆ ದಿನ ಆರಕ್ಕೇ ಶುರು ಮಾಡುತ್ತೇವೆ, ಕೀಲಿ ಈ ಸಲ ನನ್ನ ಬಳಿಯೇ ಇರುತ್ತದೆ. ಊಟ ಮುಗಿಸಿಕೊಂಡೇ ಬನ್ನಿ ಮೇಷ್ಟ್ರೇ, ಕೋಳಿಸಾರಿನ ಮೇಲೆ ನಮ್ಮ ತಕರಾರೇನೂ ಇಲ್ಲ.